ಸೋದರಮಾವನ ಹಕ್ಕು, ಹುಡುಗಿಯ ಒಪ್ಪಿಗೆ

ಕನ್ನಡದಲ್ಲಿ ‘ಮಾವ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ತಾಯಿಯ ಅಣ್ಣತಮ್ಮಂದಿರೂ ಮಾವ, ಗಂಡನ ತಂದೆಯೂ ಮಾವ. ‘ಅತ್ತೆ’ಯ ಕಥೆಯೂ ಅದೇ. ತಂದೆಯ ಅಕ್ಕತಂಗಿಯರೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. ಇದು ಭಾಷೆಯಲ್ಲಿನ ಪದಗಳ ಬಡತನವಲ್ಲ. ಮದುವೆಯಾಗಿ ಬರುವ ಅತ್ತೆಮಾವಂದಿರು ಹುಟ್ಟಿನಿಂದಲೇ ಅತ್ತೆಮಾವಂದಿರಾಗಿದ್ದ ಕಾಲವೊಂದಿತ್ತು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ತಂದೆಯ ಅಣ್ಣತಮ್ಮಂದಿರನ್ನು ಕರೆಯುವ ರೀತಿ ಮಾತ್ರ ಬೇರೆ. ಅವರು ದೊಡ್ಡಪ್ಪ, ಚಿಕ್ಕಪ್ಪ; ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಕಾಕಾ. ತಾಯಿಯ ಅಕ್ಕತಂಗಿಯರು ದೊಡ್ಡವ್ವ, ಚಿಗವ್ವ. ಅಂದರೆ ಅವರೂ ಅಪ್ಪ ಅವ್ವಂದಿರೇ. ಅವರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರಾಗುತ್ತಾರೆ. ಅಲ್ಲಿ ಮದುವೆಯ ಮಾತೇ ಇಲ್ಲ. ಆದರೆ ಸೋದರಮಾವನ ಮಕ್ಕಳು ಮತ್ತು ಸೋದರತ್ತೆಯ ಮಕ್ಕಳು ‘ವರಸೆ’ಗೆ ಕೂಡಿಬರುವವರು. ಇಂಗ್ಲಿಷ್ ಭಾಷೆಯಲ್ಲಿ ಇವರೆಲ್ಲರಿಗೂ ‘ಕಸಿನ್’ ಎಂಬ ಒಂದೇ ಪದ. ಕನ್ನಡದ ಅಜ್ಜಿ ಆ ಒಂದು ಪದವನ್ನು ಎರಡಾಗಿ ಸೀಳಿ, ಒಂದು ಪಾಲಿಗೆ ರಾಖಿ ಕಟ್ಟಿಸುತ್ತಾಳೆ, ಇನ್ನೊಂದು ಪಾಲಿಗೆ ಬಾಸಿಂಗ ಕಟ್ಟಿಸುತ್ತಾಳೆ.

ಅಮೆರಿಕದ ವಿದ್ವಾಂಸ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಪಂಚದ ನಾನಾ ಜನಾಂಗಗಳ ಬಂಧುವಾಚಕ ಪದಗಳನ್ನು ಕಲೆಹಾಕಿ ಗ್ರಂಥವೊಂದನ್ನು ಪ್ರಕಟಿಸಿದ. ಅದರಲ್ಲಿ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಪದಗಳೂ ಸೇರಿದ್ದವು. ಮುಂದೆ ವಿದ್ವಾಂಸರು ಈ ಪದ್ಧತಿಗೆ ‘ದ್ರಾವಿಡ ಬಂಧುತ್ವ’ ಎಂದೇ ಹೆಸರಿಟ್ಟರು. ಇರಾವತಿ ಕರ್ವೆ ಅವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆ ಕುರಿತ ಗ್ರಂಥದಲ್ಲಿ ಉತ್ತರ ಮತ್ತು ದಕ್ಷಿಣಗಳ ನಡುವಿನ ದೊಡ್ಡ ವ್ಯತ್ಯಾಸವನ್ನು ಗುರುತಿಸಿದ್ದು ಇಂಥ ಸಂಗತಿಗಳ ಮೂಲಕವೇ.

ಹೊಸ ಸಂಬಂಧವಲ್ಲ, ಹಳೆಯದರ ನವೀಕರಣ

ಜಮಖಂಡಿ ತಾಲ್ಲೂಕಿನ ಸಾವಳಗಿ ಕೃಷ್ಣೆಯ ಆಚೆ ದಡದ ಹೋಬಳಿ ಕೇಂದ್ರ. ಪಟವರ್ಧನರ ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1956ರಲ್ಲಿ ಈ ಭಾಗ ವಿಶಾಲ ಮೈಸೂರಿಗೆ ಸೇರಿತು. 1997ರಲ್ಲಿ ವಿಜಯಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗೆರೆಗಳು ಹೀಗೆ ಹಲವು ಬಾರಿ ಬದಲಾದರೂ ಜನರ ‘ಕೊಡುವ-ತರುವ’ ಸಂಬಂಧಗಳ ಗೆರೆ ಬಹುಕಾಲ ಬದಲಾಗಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಅಥಣಿ, ತಿಕೋಟಾ, ಗಡಿಯಾಚೆಯ ಜತ್ತ ಮತ್ತು ಸಾಂಗಲಿ ಸೀಮೆ. ಸಾಮಾನ್ಯವಾಗಿ ಬೀಗರು ಇದ್ದದ್ದು ಇಷ್ಟರೊಳಗೇ. ಚಕ್ಕಡಿ ಕಟ್ಟಿಕೊಂಡು ಹೋಗಿ ಬರಬಹುದಾದ ದೂರವೇ ಸಂಬಂಧ ಬೆಳೆಸುವ ದೂರವೂ ಆಗಿತ್ತು.

ಈ ಬಂಧುಬಳಗದ ಒಟ್ಟು ಹೆಣಿಗೆಗೆ ಇಲ್ಲಿಯ ಜನ ಇಟ್ಟ ಹೆಸರು ‘ಕಳ್ಳುಬಳ್ಳಿ’. ಒಂದು ಮನೆಯ ಹೆಣ್ಣು ಇನ್ನೊಂದು ಮನೆಗೆ ಹೋದರೆ ಮುಂದಿನ ತಲೆಮಾರಿನಲ್ಲಿ ಆ ಮನೆಯ ಹೆಣ್ಣು ಈ ಮನೆಗೆ ಬರಬೇಕು. ಇಲ್ಲವೇ ಅಕ್ಕನ ಮಗಳನ್ನು ತಮ್ಮನೇ ತಂದುಕೊಳ್ಳಬೇಕು. ಹಿರಿಯರು ಕೂಡಿ ಮಾಡುತ್ತಿದ್ದ ಮದುವೆ ಎಂದರೆ ಇಂದಿನ ನಗರದ ಓದುಗನ ಕಣ್ಣಿಗೆ ಕಾಣುವುದು ಪರಸ್ಪರ ಗುರುತಿಲ್ಲದ ಎರಡು ಕುಟುಂಬಗಳು ಫೋಟೋ, ಜಾತಕ ಹಿಡಿದು ಕುಳಿತ ಚಿತ್ರ. ಇಲ್ಲಿಯ ಹಳೆಯ ಮದುವೆ ಅದಲ್ಲ. ಅದು ಇರುವ ಸಂಬಂಧವನ್ನೇ ಮತ್ತೊಮ್ಮೆ ಬಿಗಿಗೊಳಿಸುವ ಕೆಲಸ.

ಮದುವೆಯ ಶಾಸ್ತ್ರಗಳಲ್ಲಿಯೂ ಇದರ ಗುರುತು ಉಳಿದಿದೆ. ಮದುಮಕ್ಕಳು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ವರನ ಸಹೋದರಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹೆಣ್ಣು ಹುಟ್ಟಿದರೆ ತನ್ನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟರಷ್ಟೇ ಒಳಗೆ ಬಿಡುವುದು. ಕೂಡಿದವರು ನಗುತ್ತಾರೆ, ವರ ಹೂಂ ಎನ್ನುತ್ತಾನೆ. ಇಂದು ಅದು ತಮಾಷೆ. ಒಂದು ಕಾಲಕ್ಕೆ ಅದು ಕರಾರು. ವಧುವನ್ನು ಹಂದರದೊಳಕ್ಕೆ ಕರೆತರುವವನು ಸೋದರಮಾವ. ಅವಳ ಮೇಲೆ ಮೊದಲ ಹಕ್ಕು ತನ್ನದಾಗಿತ್ತು, ಅದನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ನಾಲ್ಕು ಜನರೆದುರು ತೋರಿಸುವ ಶಾಸ್ತ್ರ ಅದು ಎಂದೂ ಅರ್ಥ ಮಾಡಬಹುದು. ಹೆಣ್ಣನ್ನು ಹೊರಗೆ ಕೊಡುವಾಗ ಸೋದರಮಾವನ ಒಪ್ಪಿಗೆ ಕೇಳುವುದು, ಅವನಿಗೆ ಬಟ್ಟೆ ಕಾಣಿಕೆ ಕೊಟ್ಟು ಸಮಾಧಾನ ಮಾಡುವುದು ದಕ್ಷಿಣದ ಹಲವು ಸಮುದಾಯಗಳಲ್ಲಿ ಕಂಡುಬಂದ ರೂಢಿ.

ಅಕ್ಕನ ಮಗಳು ಸಮೀಪದ ರಕ್ತವಲ್ಲವೇ ಎಂದು ಹೊರಗಿನವರು ಕೇಳುವುದುಂಟು. ರೂಢಿಯ ಲೆಕ್ಕ ಬೇರೆ. ಲಿಂಗಾಯತರು, ಕುರುಬರು ಮುಂತಾದ ಸಮುದಾಯಗಳಲ್ಲಿ ‘ಬೆಡಗು’ ಎಂಬ ವಂಶ ವಿಭಾಗಗಳಿವೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಕೊಟ್ಟು ತರುವಂತಿಲ್ಲ. ಬೆಡಗು ತಂದೆಯಿಂದ ಬರುತ್ತದೆ. ಅಕ್ಕ ಮದುವೆಯಾಗಿ ಹೋದ ಮೇಲೆ ಅವಳ ಮಗಳು ಬೇರೆ ಬೆಡಗಿನವಳು. ಆದ್ದರಿಂದ ಅವಳನ್ನು ತರಬಹುದು. ಅಣ್ಣನ ಮಗಳು ಅದೇ ಬೆಡಗಿನವಳಾದ್ದರಿಂದ ಅವಳು ಮಗಳ ಸಮಾನ. ರಕ್ತದ ಲೆಕ್ಕದಲ್ಲಿ ಇಬ್ಬರೂ ಅಷ್ಟೇ ಹತ್ತಿರ. ಆದರೆ ವಂಶದ ಲೆಕ್ಕದಲ್ಲಿ ಒಬ್ಬಳು ಒಳಗಿನವಳು, ಇನ್ನೊಬ್ಬಳು ಹೊರಗಿನವಳು.

ಶಾಸ್ತ್ರ ಒಂದು, ರೂಢಿ ಒಂದು

ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಬೌಧಾಯನ ಧರ್ಮಸೂತ್ರವು ದಕ್ಷಿಣದವರ ವಿಶಿಷ್ಟ ಆಚಾರಗಳನ್ನು ಪಟ್ಟಿ ಮಾಡುವಾಗ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಹೆಸರಿಸುತ್ತದೆ. ಉತ್ತರದ ಹಲವು ಸಮುದಾಯಗಳಲ್ಲಿ ತಾಯಿಯ ಕಡೆಯ ಹತ್ತಿರದ ನೆಂಟರಲ್ಲೂ ಮದುವೆ ನಿಷಿದ್ಧ. ಅನೇಕ ಕಡೆ ಹುಟ್ಟಿದ ಊರಿನವರನ್ನೇ ಮದುವೆಯಾಗುವಂತಿಲ್ಲ. ಅಲ್ಲಿ ಹೆಣ್ಣುಮಗಳು ಕಾಣದ ಊರಿಗೆ, ಕಾಣದ ಜನರ ನಡುವೆ ಹೋಗುತ್ತಾಳೆ. ಕನ್ನಡ ನಾಡಿನ ಹೆಣ್ಣು ಹೋಗುತ್ತಿದ್ದುದು ಅನೇಕ ಸಲ ತಾನು ರಜೆಗೆ ಹೋಗುತ್ತಿದ್ದ ಅಜ್ಜಿಯ ಮನೆಗೇ.

ಪುರಾಣದ ಕಥೆಗಳನ್ನೂ ದಕ್ಷಿಣದವರು ತಮ್ಮ ರೂಢಿಗೆ ಒಗ್ಗಿಸಿಕೊಂಡರು. ಅರ್ಜುನ ಮದುವೆಯಾದ ಸುಭದ್ರೆ ಅವನ ಸೋದರಮಾವನ ಮಗಳು ಎಂಬುದು ಮೂಲ ಮಹಾಭಾರತದಲ್ಲಿಯೇ ಇದೆ. ಆದರೆ ಅವರ ಮಗ ಅಭಿಮನ್ಯು ತನ್ನ ಸೋದರಮಾವ ಬಲರಾಮನ ಮಗಳು ಶಶಿರೇಖೆಯನ್ನು ಮದುವೆಯಾದ ಕಥೆ ವ್ಯಾಸಭಾರತದಲ್ಲಿ ಇಲ್ಲ. ಅದು ದಕ್ಷಿಣದ ಬಯಲಾಟ, ನಾಟಕಗಳಲ್ಲಿ ಬೆಳೆದ ಕಥೆ. 1957ರ ‘ಮಾಯಾಬಜಾರ್’ ಚಿತ್ರದಿಂದ ಅದು ಮನೆಮಾತಾಯಿತು. ಅಭಿಮನ್ಯುವಿಗೆಂದು ಮಾತಾಗಿದ್ದ ಹುಡುಗಿಯನ್ನು, ಪಾಂಡವರು ರಾಜ್ಯ ಕಳೆದುಕೊಂಡ ಮೇಲೆ, ದುರ್ಯೋಧನನ ಮಗನಿಗೆ ಕೊಡಲು ಬಲರಾಮ ಒಪ್ಪುತ್ತಾನೆ. ಸಿರಿವಂತ ಬೀಗತನದ ಆಸೆಗೆ ತಂಗಿಗೆ ಕೊಟ್ಟ ಮಾತು ಮುರಿಯುತ್ತದೆ. ಪ್ರೇಕ್ಷಕರು ಯಾರ ಪರ ನಿಲ್ಲುತ್ತಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಸೋದರಿಕೆಯ ಹಕ್ಕಿಗೂ ಹಣಕ್ಕೂ ನಡುವಿನ ಈ ತಿಕ್ಕಾಟ ಮುಂದೆ ಹಳ್ಳಿ ಹಳ್ಳಿಯಲ್ಲೂ ನಡೆಯಿತು.

ಹೊರದೇಶಗಳಲ್ಲಿಯೂ ಯಾರು ಯಾರನ್ನು ಮದುವೆಯಾಗಬಹುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅರಬ್ ಸಮಾಜಗಳಲ್ಲಿ ತಂದೆಯ ಸಹೋದರನ ಮಗಳು ಮೆಚ್ಚಿನ ವಧು. ಇಲ್ಲಿಯ ಹಿಂದೂಗಳಿಗೆ ಅವಳು ತಂಗಿ. ಇಸ್ಲಾಂ ಧರ್ಮ ಸೋದರ ಸಂಬಂಧಿಗಳ ಮಕ್ಕಳ ನಡುವಿನ ಮದುವೆಗೆ ಅವಕಾಶ ಕೊಟ್ಟು ಮಾವ-ಸೊಸೆಯ, ಅಂದರೆ ಅಕ್ಕನ ಮಗಳ ಮದುವೆಯನ್ನು ನಿಷೇಧಿಸುತ್ತದೆ. ಯುರೋಪಿನಲ್ಲಿ ಕ್ರೈಸ್ತ ಧರ್ಮಸಭೆ 1215ರಲ್ಲಿ ನಿಷೇಧವನ್ನು ಸಡಿಲಿಸಿದ ಮೇಲೆಯೂ ನಾಲ್ಕನೇ ಮೆಟ್ಟಿಲಿನವರೆಗಿನ ಬಂಧುಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಮದುವೆ ಸಾಧ್ಯವಿರಲಿಲ್ಲ. ಮುಂದೆ ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಅದು ಸಾಧ್ಯವಾಯಿತು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾದ ಎಮ್ಮಾ ವೆಜ್‌ವುಡ್ ಆತನ ಸೋದರಮಾವನ ಮಗಳೇ. ಮಕ್ಕಳ ಆರೋಗ್ಯ ಕೆಟ್ಟಾಗಲೆಲ್ಲ ಇದಕ್ಕೆ ತಮ್ಮ ರಕ್ತಸಂಬಂಧವೇ ಕಾರಣವೇನೋ ಎಂದು ಡಾರ್ವಿನ್ ಕಳವಳಪಟ್ಟಿದ್ದುಂಟು. ಕೊರಿಯಾ ಇನ್ನೊಂದು ತುದಿ. ಅಲ್ಲಿ ಒಂದೇ ಮನೆತನದ ಹೆಸರು ಮತ್ತು ಒಂದೇ ಮೂಲಸ್ಥಳ ಹೊಂದಿದವರು, ರಕ್ತಸಂಬಂಧ ಎಷ್ಟೇ ದೂರದ್ದಾಗಿದ್ದರೂ ಮದುವೆಯಾಗುವಂತಿರಲಿಲ್ಲ. ದಕ್ಷಿಣ ಕೊರಿಯಾದ ಸಂವಿಧಾನ ನ್ಯಾಯಾಲಯ 1997ರಲ್ಲಿ ಆ ನಿಷೇಧವನ್ನು ಸಂವಿಧಾನಬಾಹಿರ ಎಂದಿತು. 2005ರಲ್ಲಿ ಕಾನೂನೇ ಬದಲಾಯಿತು.

ಭಾರತದ ಶಾಸನಕರ್ತರಿಗೂ ಈ ಪ್ರಶ್ನೆ ಎದುರಾಯಿತು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳನ್ನೂ, ಸೋದರತ್ತೆ ಸೋದರಮಾವಂದಿರ ಮಕ್ಕಳನ್ನೂ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಸೇರಿಸಿತು. ಅದರ ಜೊತೆಗೇ, ಉಭಯ ಪಕ್ಷಗಳ ರೂಢಿ ಅನುಮತಿಸಿದರೆ ಅಂಥ ಮದುವೆ ಊರ್ಜಿತ ಎಂಬ ವಿನಾಯಿತಿಯನ್ನೂ ಇಟ್ಟಿತು. ದಕ್ಷಿಣದ ಕೋಟ್ಯಂತರ ಮದುವೆಗಳು ನಿಂತಿರುವುದು ಆ ಒಂದು ವಿನಾಯಿತಿಯ ಮೇಲೆ.

ಮನೆಮಗಳೇ ಸೊಸೆಯಾದಾಗ

ಈ ಪದ್ಧತಿ ಇಷ್ಟು ಕಾಲ ಬಾಳಲು ಕಾರಣಗಳಿದ್ದವು. ಮೊದಲನೆಯದು ಹೊಲ. ಹೊರಗಿನವರಿಗೆ ಹೆಣ್ಣು ಕೊಟ್ಟರೆ ಆಸ್ತಿಯ ಮಾತು ಹೊರಗೆ ಹೋಗುತ್ತದೆ ಎಂಬ ಅಂಜಿಕೆ. ಎರಡನೆಯದು ಗುರುತು. ಹುಡುಗ ಕುಡಿಯುತ್ತಾನೋ, ದುಡಿಯುತ್ತಾನೋ, ಮನೆಯಲ್ಲಿ ರೋಗರುಜಿನ ಇದೆಯೋ, ಸಾಲ ಎಷ್ಟಿದೆ ಎಂಬುದನ್ನು ಯಾರನ್ನೂ ಕೇಳಬೇಕಿರಲಿಲ್ಲ. ಮೂರನೆಯದು ಮುಪ್ಪು. ಅಜ್ಜಿ ಹಾಸಿಗೆ ಹಿಡಿದರೆ ಮೊಮ್ಮಗಳು ನೋಡಿಕೊಂಡಷ್ಟು ಪರರ ಮಗಳು ನೋಡಿಕೊಳ್ಳಲಾರಳು ಎಂಬ ನಂಬಿಕೆ. ನಾಲ್ಕನೆಯದು ಖರ್ಚು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಮನೆಯೊಳಗಿನ ಮದುವೆಯಲ್ಲಿ ಆಯೇರಿ, ಬಂಗಾರ, ಊಟೋಪಚಾರಗಳ ಬಗ್ಗೆ ಬೀಗರ ಜಗಳ ಕಡಿಮೆ. ಕೊಡುವವರೂ ತಮ್ಮವರೇ, ಕೊಂಡವರೂ ತಮ್ಮವರೇ.

ಇವೆಲ್ಲ ಮನೆಗೆ ಆಗುತ್ತಿದ್ದ ಅನುಕೂಲಗಳು. ಹುಡುಗಿಯ ಪಾಲಿಗೆ ಏನು ಬಂತು ಎಂದು ಕೇಳಿದರೆ ಉತ್ತರ ಎರಡು ಬಗೆಯದು. ಅತ್ತೆಯ ಮನೆ ಎಂದರೆ ಅಜ್ಜಿಯ ಮನೆ ಆದಾಗ ಆಕೆಗೆ ಮೊದಲ ದಿನದಿಂದ ಒಲೆಯ ಹತ್ತಿರ ಹೋಗಲು ಭಯವಿರಲಿಲ್ಲ. ತಾಯಿಯ ತವರೇ ಮಗಳ ಮನೆಯಾದ್ದರಿಂದ ತಾಯಿ ಬಂದುಹೋಗುವುದಕ್ಕೆ ನೆಪ ಬೇಕಿರಲಿಲ್ಲ. ಉತ್ತರ ಭಾರತದ ಸೊಸೆಯ ತಲೆಯ ಮೇಲಿನ ಸೆರಗಿಗೂ ದಕ್ಷಿಣದ ಸೊಸೆಯ ಸಲಿಗೆಗೂ ಇದೇ ಒಂದು ಮುಖ್ಯ ಕಾರಣ ಎಂದು ಸಮಾಜಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ.

ಇನ್ನೊಂದು ಉತ್ತರ ಇಷ್ಟು ಹಿತವಾದುದಲ್ಲ. ತೊಟ್ಟಿಲಲ್ಲಿ ಇರುವಾಗಲೇ ‘ಇವಳು ಇಂಥವನ ಹೆಂಡತಿ’ ಎಂದು ಹೆಸರಿಟ್ಟ ಮೇಲೆ ಆಕೆಯ ಓದಿಗೆ ಯಾರೂ ಅವಸರ ಪಡಲಿಲ್ಲ. ಸೋದರಮಾವ ವಯಸ್ಸಿನಲ್ಲಿ ಹತ್ತು ಹನ್ನೆರಡು ವರ್ಷ ದೊಡ್ಡವನಾದರೆ ಅವನಿಗೆ ಮದುವೆಯ ಹೊತ್ತು ಮೀರುವುದರೊಳಗೆ ಹುಡುಗಿ ಶಾಲೆ ಬಿಡಬೇಕಾಗುತ್ತಿತ್ತು. ಗಂಡ ಹೊಡೆದರೆ ದೂರು ಹೇಳುವುದು ಯಾರಿಗೆ? ತವರಿಗೆ ಹೋಗಿ ಅತ್ತರೆ ಅವ್ವ ತನ್ನ ತಮ್ಮನ ವಿರುದ್ಧ ನಿಲ್ಲಬೇಕು, ಅಜ್ಜಿ ತನ್ನ ಮಗನ ವಿರುದ್ಧ ನಿಲ್ಲಬೇಕು. ಎರಡೂ ಮನೆ ಒಡೆಯುತ್ತವೆ ಎಂಬ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡವರು ಎಷ್ಟೋ. ಯಾವ ಬಳ್ಳಿ ಆಸರೆಯಾಗಿತ್ತೋ ಅದೇ ಬಳ್ಳಿ ಕಾಲಿಗೂ ತೊಡರುತ್ತಿತ್ತು.

ವಯಸ್ಸಿನ ಲೆಕ್ಕ, ರಕ್ತದ ಲೆಕ್ಕ

ಎಳೆಯರ ಮದುವೆಗೆ ತಡೆ ಹಾಕುವ ಯತ್ನ ಹಳೆಯದು. ಮೈಸೂರು ಸಂಸ್ಥಾನ 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಬ್ರಿಟಿಷ್ ಭಾರತದಲ್ಲಿ 1929ರಲ್ಲಿ ಶಾರದಾ ಕಾಯ್ದೆ ಬಂದು ಹೆಣ್ಣಿಗೆ 14, ಗಂಡಿಗೆ 18 ವರ್ಷ ಎಂದು ಗೊತ್ತುಪಡಿಸಿತು. ಅದು ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ವಿಜಯಪುರ ಜಿಲ್ಲೆ ಬ್ರಿಟಿಷರದು, ಪಕ್ಕದ ಜಮಖಂಡಿ, ಮುಧೋಳ ಸಂಸ್ಥಾನಗಳು. ಹೀಗಾಗಿ ಬೀಗರ ನಡುವೆಯೇ ಕಾನೂನಿನ ಗಡಿ ಇತ್ತು. 1978ರಲ್ಲಿ ಈ ವಯಸ್ಸು 18 ಮತ್ತು 21ಕ್ಕೆ ಏರಿತು. 2006ರ ಕಾಯ್ದೆ ಶಿಕ್ಷೆಯನ್ನು ಬಿಗಿಗೊಳಿಸಿತು. ಅದಕ್ಕೆ ಕರ್ನಾಟಕ ಮುಂದೆ ತಂದ ತಿದ್ದುಪಡಿಯ ಪ್ರಕಾರ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು ಎಂಬುದು ಕಂಡುಬಂತು.

ರಕ್ತಸಂಬಂಧದ ಮದುವೆಗೆ ವೈದ್ಯರು ಹೇಳುವ ಆಕ್ಷೇಪಣೆ ಸರಳ. ಪ್ರತಿಯೊಬ್ಬರಲ್ಲೂ ಒಂದಿಷ್ಟು ದೋಷಪೂರಿತ ವಂಶವಾಹಿಗಳು ಅಡಗಿರುತ್ತವೆ. ಒಂದೇ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕೆಲವು ಕಾಯಿಲೆಗಳು ಮಗುವಿನಲ್ಲಿ ಪ್ರಕಟವಾಗುತ್ತವೆ. ಹುಟ್ಟು ಕಿವುಡುತನದ ಕೆಲವು ಬಗೆಗಳು ಹೀಗೆಯೇ ಬರುತ್ತವೆ. ಸೋದರಮಾವನ ಮಗ ಮತ್ತು ಸೋದರತ್ತೆಯ ಮಗಳ ನಡುವೆ ಎಂಟನೇ ಒಂದರಷ್ಟು ವಂಶವಾಹಿಗಳು ಸಮಾನವಾಗಿದ್ದರೆ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕನೇ ಒಂದರಷ್ಟು ಸಮಾನ. ಅಂದರೆ ಅಪಾಯದ ಸಾಧ್ಯತೆ ಇಮ್ಮಡಿ. ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ಅಷ್ಟೇ ನಿಜ. ಆದರೆ ಒಂದೇ ಮನೆತನದಲ್ಲಿ ತಲೆಮಾರುಗಳಿಂದ ಕೊಟ್ಟು ತಂದಾಗ ಸಾಧ್ಯತೆ ಸೇರುತ್ತ ಹೋಗುತ್ತದೆ.

1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಮಹಿಳೆಯರನ್ನು ಕುರಿತು ನಡೆದ ದೊಡ್ಡ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮದುವೆಗಳು ಸಂಬಂಧಿಕರ ನಡುವೆಯೇ ಆಗಿದ್ದವು. ಅದರಲ್ಲಿ ಸೋದರಮಾವನ ಮದುವೆಗಳ ಪಾಲೇ ದೊಡ್ಡದು. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಮಾಣ ನೂರಕ್ಕೆ 27. ತಮಿಳುನಾಡಿನಲ್ಲಿ 28. ಇಡೀ ದೇಶದ ಪ್ರಮಾಣ 11. ಈ ಲೆಕ್ಕದಲ್ಲಿ 49 ವರ್ಷದವರೆಗಿನ ಮಹಿಳೆಯರೂ ಸೇರಿದ್ದಾರೆ. ಆದ್ದರಿಂದ ಇದು ಇವತ್ತಿನ ಮದುವೆಗಳಷ್ಟೇ ಅಲ್ಲ, ಮೂವತ್ತು ವರ್ಷದ ಹಿಂದಿನವುಗಳ ನೆರಳೂ ಹೌದು.

ಬಳ್ಳಿ ಸಡಿಲವಾದದ್ದು ಹೇಗೆ?

ಜನ ಈ ರೂಢಿ ಬಿಡುತ್ತಿರುವುದು ವೈದ್ಯರ ಮಾತಿನಿಂದಲೇ ಎಂದು ತಿಳಿದರೆ ಪೂರ್ಣ ಸತ್ಯವಾಗದು. ಅದಕ್ಕಿಂತ ದೊಡ್ಡ ಕಾರಣ ಮನೆಯ ಗಾತ್ರ. ಸೋದರಮಾವನ ಮದುವೆ ನಡೆಯಬೇಕಾದರೆ ತಾಯಿಗೆ ಆರೇಳು ಮಕ್ಕಳಿರಬೇಕು, ಹಿರಿಯ ಮಗಳಿಗೂ ಕಿರಿಯ ಮಗನಿಗೂ ಹದಿನೈದು ವರ್ಷದ ಅಂತರವಿರಬೇಕು, ಹಿರಿಯ ಮಗಳಿಗೆ ಬೇಗ ಮದುವೆಯಾಗಿ ಹೆಣ್ಣು ಹುಟ್ಟಬೇಕು. ಆಗ ಮಾತ್ರ ಮಾವನಿಗೂ ಸೊಸೆಗೂ ವಯಸ್ಸು ಹೊಂದುತ್ತದೆ. ಇಂದು ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಇಬ್ಬರು ಮಕ್ಕಳೂ ಇಲ್ಲ. ಸಮೀಕ್ಷೆಯ ಪ್ರಕಾರ 1.7. ಅಕ್ಕನಿಗೂ ತಮ್ಮನಿಗೂ ಎರಡು ಮೂರು ವರ್ಷದ ಅಂತರ. ಅಕ್ಕನ ಮಗಳು ದೊಡ್ಡವಳಾಗುವ ಹೊತ್ತಿಗೆ ಮಾವನಿಗೆ ಐವತ್ತು ಸಮೀಪಿಸಿರುತ್ತದೆ. ಯಾರೂ ನಿಷೇಧಿಸದಿದ್ದರೂ ಕುಟುಂಬ ಯೋಜನೆಯೇ ಈ ಮದುವೆಯ ದಾರಿ ಮುಚ್ಚಿದೆ. ಸೋದರತ್ತೆ, ಸೋದರಮಾವಂದಿರ ಸಂಖ್ಯೆಯೇ ಇಳಿದಾಗ ಅವರ ಮಕ್ಕಳಲ್ಲಿ ಜೋಡಿ ಸಿಗುವುದೂ ಕಷ್ಟ.

ಎರಡನೆಯ ಕಾರಣ ಹುಡುಗಿಯರ ಓದು. ಪದವಿ ಮುಗಿಸಿದ ಹುಡುಗಿ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಸೋದರಮಾವನ ಮಗನನ್ನು ಒಲ್ಲೆ ಎನ್ನುತ್ತಾಳೆ. ಮೂರನೆಯದು ಹಣ. 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ದು ಜಮಖಂಡಿ ತಾಲ್ಲೂಕಿನ ಹೆಮ್ಮೆಯ ಕಥೆ. ಒಣಭೂಮಿಗೆ ನೀರು ಬಂದ ಕಡೆ ಕಬ್ಬು, ದ್ರಾಕ್ಷಿ ಬಂದವು. ಕೈಯಲ್ಲಿ ನಗದು ಇರುವವರು ದೂರದ, ಮೇಲಿನ ಸಂಬಂಧ ಹುಡುಕುವುದು ಎಲ್ಲ ಕಡೆಯ ಅನುಭವ. ನಾಲ್ಕನೆಯದು ಆಸ್ತಿ ಕಾನೂನು. ಕರ್ನಾಟಕ 1994ರಲ್ಲಿ ಮತ್ತು ಕೇಂದ್ರ 2005ರಲ್ಲಿ ತಂದ ತಿದ್ದುಪಡಿಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟವು. ಅಕ್ಕನೂ ಪಾಲುದಾರಳಾದ ಮೇಲೆ ಅಕ್ಕ ತಮ್ಮಂದಿರ ನಡುವಿನ ಲೆಕ್ಕವೇ ಬದಲಾಯಿತು. ಕೆಲವರಿಗೆ ಇದು ಮನೆಯೊಳಗೇ ಮದುವೆ ಮಾಡಲು ಹೊಸ ಕಾರಣ, ಕೆಲವರಿಗೆ ಜಗಳಕ್ಕೆ ಕಾರಣ.

ತೆರ ಹೋಗಿ ಹುಂಡಾ ಬಂತು

ಹೊರಗಿನ ಸಂಬಂಧ ಬಂದಾಗ ಅದರ ಬೆನ್ನಿಗೆ ಬೆಲೆಯೂ ಬಂತು. ಎಂ. ಎನ್. ಶ್ರೀನಿವಾಸ್ ಅವರು 1942ರಲ್ಲಿ ಪ್ರಕಟಿಸಿದ ಮೈಸೂರಿನ ವಿವಾಹ ಮತ್ತು ಕುಟುಂಬ ಕುರಿತ ಗ್ರಂಥದಲ್ಲಿ ಬ್ರಾಹ್ಮಣೇತರರ ಹಲವು ಜಾತಿಗಳಲ್ಲಿ ವರನ ಕಡೆಯವರೇ ವಧುವಿನ ಕಡೆಗೆ ‘ತೆರ’ ಕೊಡುತ್ತಿದ್ದುದನ್ನು ದಾಖಲಿಸಿದ್ದಾರೆ. ಹೊಲದಲ್ಲಿ ದುಡಿಯುವ ಒಂದು ಜೀವವನ್ನು ತವರು ಬಿಟ್ಟುಕೊಡುತ್ತದೆ, ಅದಕ್ಕೆ ಗೌರವವಾಗಿ ತೆರ. ವರದಕ್ಷಿಣೆ ಬೆಳೆದದ್ದು ಇಂಗ್ಲಿಷ್ ಕಲಿತು ನೌಕರಿ ಹಿಡಿದ ವರಗಳ ಸುತ್ತ, ಮೊದಲು ಮೇಲ್ಜಾತಿಗಳಲ್ಲಿ. ಕಾಲಕ್ರಮದಲ್ಲಿ ಅದು ಎಲ್ಲ ಸಮುದಾಯಗಳಿಗೂ ಹಬ್ಬಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಮರಾಠಿಯಿಂದ ಬಂದ ‘ಹುಂಡಾ’ ಎಂಬ ಹೆಸರೂ ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪುಸ್ತಕದಲ್ಲಿ ಇದ್ದೇ ಇದೆ.

ಸೋದರಿಕೆಯ ಮದುವೆಯಲ್ಲಿ ಅಕ್ಕನ ಎದುರು ಹಣ ಎಣಿಸಿಕೊಳ್ಳಲು ತಮ್ಮನಿಗೆ ನಾಚಿಕೆಯಾಗುತ್ತಿತ್ತು. ಗುರುತಿಲ್ಲದ ಬೀಗರಲ್ಲಿ ಆ ನಾಚಿಕೆಗೆ ಜಾಗವಿಲ್ಲ. ಹುಡುಗಿ ರಕ್ತದ ಅಪಾಯದಿಂದ ಪಾರಾಗಿ ಹುಂಡಾದ ಅಪಾಯಕ್ಕೆ ಸಿಕ್ಕಳು ಎಂದು ಹೇಳಿದರೆ ತುಸು ಕಠೋರವಾದೀತು. ಆದರೆ ಒಂದು ಕಾವಲು ಹೋದಾಗ ಇನ್ನೊಂದು ಕಾವಲನ್ನು ಸಮಾಜ ಕೂಡಲೇ ಕಟ್ಟಲಿಲ್ಲ ಎಂಬುದು ನಿಜ. ಹಳೆಯ ಸೋದರಮಾವ ಮಾಡುತ್ತಿದ್ದ ವಿಚಾರಣೆಯ ಕೆಲಸ ಈಗ ದಲ್ಲಾಳಿಗಳು, ವಧು-ವರರ ಸಮಾವೇಶಗಳು, ಮೊಬೈಲಿನಲ್ಲಿ ಹರಿದಾಡುವ ಬಯೋಡಾಟಾಗಳ ಪಾಲಾಗಿದೆ. ಬಯೋಡಾಟಾದಲ್ಲಿ ಎಕರೆ, ಪಗಾರ, ಎತ್ತರ ಇರುತ್ತವೆ. ಹುಡುಗನ ಸಿಟ್ಟು ಎಷ್ಟು ಎಂಬುದು ಇರುವುದಿಲ್ಲ.

ಖರ್ಚಿನ ಭಾರ ಇಳಿಸಲು ನಾಡಿನಲ್ಲಿ ಪ್ರಯತ್ನಗಳು ನಡೆಯದೆ ಇಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಉತ್ತರ ಕರ್ನಾಟಕದ ಮಠಗಳ ಜಾತ್ರೆಗಳಲ್ಲಿ ಸಾಮೂಹಿಕ ವಿವಾಹ ಈಗ ಸಾಮಾನ್ಯ ಕಾರ್ಯಕ್ರಮ. ಅಲ್ಲಿ ವಯಸ್ಸಿನ ದಾಖಲೆ ಕೇಳುವುದರಿಂದ ಎಳೆಯ ಮದುವೆಗಳಿಗೂ ಒಂದು ತಡೆ ಸಿಗಬಲ್ಲದು.

ವರಗಳ ಮೆರವಣಿಗೆ

ಇತ್ತೀಚಿನ ವರ್ಷಗಳಲ್ಲಿ ಗಾಳಿ ಇನ್ನೊಂದು ದಿಕ್ಕಿಗೆ ತಿರುಗಿದೆ. 2022ರ ಡಿಸೆಂಬರಿನಲ್ಲಿ ನೆರೆಯ ಸೊಲ್ಲಾಪುರದಲ್ಲಿ ಮದುವೆಯಾಗದ ಯುವಕರು ಬಾಸಿಂಗ ಕಟ್ಟಿಕೊಂಡು, ಕುದುರೆ ಏರಿ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋದರು. ಹೆಣ್ಣುಭ್ರೂಣ ಹತ್ಯೆ ತಡೆಯುವ ಕಾನೂನನ್ನು ಬಿಗಿಯಾಗಿ ಜಾರಿ ಮಾಡಿ ಎಂಬುದು ಅವರ ಬೇಡಿಕೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2011ರಲ್ಲಿ ಅದು 948. ಅಂದು ಹುಟ್ಟದೆ ಹೋದವರು ಇಂದು ಹಂದರದಲ್ಲಿ ಇಲ್ಲ. ಇದ್ದವರು ಓದಿ, ನೌಕರಿಯ ವರ ಬೇಕೆನ್ನುತ್ತಾರೆ. ಎಷ್ಟು ಎಕರೆ ತೋಟವಿದ್ದರೂ ಹಳ್ಳಿಯಲ್ಲಿ ಉಳಿದ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿದೆ.

ಮೊದಲೆಲ್ಲ ಇಂಥ ಹುಡುಗನಿಗೆ ‘ಅಕ್ಕನ ಮಗಳಿದ್ದಾಳಲ್ಲ’ ಎಂಬ ಒಂದು ಧೈರ್ಯ ಇತ್ತು. ಆ ಹಕ್ಕು ಕಳೆದುಹೋದ ಮೇಲೆ ಅವನೂ ಬಯಲಿಗೆ ಬಿದ್ದ. ಅದರಿಂದ ಹಳೆಯ ಹಕ್ಕನ್ನೇ ಮತ್ತೆ ಎತ್ತಿಹಿಡಿದು ಎಳೆಯ ಹುಡುಗಿಯರ ಮೇಲೆ ಒತ್ತಡ ತರುವವರೂ ಇರಬಹುದು. ಅಲ್ಲಿಗೆ ಪ್ರಶ್ನೆ ಮತ್ತೆ ಹುಡುಗಿಯ ಹತ್ತಿರವೇ ಬಂದು ನಿಲ್ಲುತ್ತದೆ.

ಕೇಳಬೇಕಾದ ಒಬ್ಬಳು

ಹಿರಿಯರು ಕೂಡಿ ಮಾಡುವ ಮದುವೆ ತಾನಾಗಿಯೇ ಕೆಟ್ಟದ್ದಲ್ಲ, ಹಳೆಯದು ಎಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಜಪಾನಿನಲ್ಲಿ ‘ಓಮಿಯಾಯಿ’ ಎಂಬ ಹೆಣ್ಣು ನೋಡುವ ಪದ್ಧತಿ ಬಹುಕಾಲ ನಡೆದುಬಂತು. ಮಧ್ಯಸ್ಥರು ಫೋಟೋ, ವಿವರ ಒಯ್ದು ಎರಡೂ ಮನೆಯವರನ್ನು ಭೇಟಿ ಮಾಡಿಸುತ್ತಿದ್ದರು. ಕಾಲ ಬದಲಾದಂತೆ ಹುಡುಗ ಹುಡುಗಿ ಇಬ್ಬರಿಗೂ ಬೇಡ ಎನ್ನುವ ಅವಕಾಶ ಅಲ್ಲಿ ಸಹಜವಾಯಿತು. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ತಾವೇ ಮೆಚ್ಚಿ ಆಗುವ ಮದುವೆಗಳೇ ಹೆಚ್ಚಾದವು. ಬ್ರಿಟನ್ 2014ರಲ್ಲಿ ಬಲವಂತದ ಮದುವೆಯನ್ನು ಅಪರಾಧವೆಂದು ಸಾರಿತು. ಹಿರಿಯರು ಹುಡುಕಿ ಮಾಡುವ ಮದುವೆಯನ್ನು ಅದು ಅಪರಾಧ ಎನ್ನಲಿಲ್ಲ. ಎರಡರ ನಡುವಿನ ಗೆರೆ ಒಪ್ಪಿಗೆ.

ಕನ್ನಡ ನಾಡಿನ ಇತಿಹಾಸದಲ್ಲೇ ಹಿರಿಯರು ಮಾಡಿದ ಒಂದು ಮದುವೆ ಇದಕ್ಕೆ ವಿಚಿತ್ರವಾದ ಸಾಕ್ಷಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಮಾಡಿದವರು ಅವರ ತಂದೆಯರೇ ಎಂದು ಶರಣ ಪರಂಪರೆ ಹೇಳುತ್ತದೆ. ಜಾತಿಯ ಬೇಲಿ ದಾಟಿದ ಆ ಬೀಗತನಕ್ಕೆ ಇಬ್ಬರೂ ತಂದೆಯರು ಪ್ರಾಣ ತೆತ್ತರು. ಹಿರಿಯರು ಬೇಲಿಯನ್ನು ಕಾಯಬಲ್ಲರು, ಮುರಿಯಲೂ ಬಲ್ಲರು. ಆದರೆ ಜಾತಿ ಮೀರಿ ಮದುವೆಯಾದವರನ್ನು ಮನೆಯವರೇ ಕೊಂದ ಸುದ್ದಿ ಉತ್ತರ ಕರ್ನಾಟಕದಿಂದ ಇಂದಿಗೂ ಆಗಾಗ ಬರುತ್ತದೆ. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಮನೆತನದ, ಸಮುದಾಯದ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಬಂಧುತ್ವದ ಬಳ್ಳಿ ಪೂರ್ತಿ ಹರಿದುಹೋಗಬೇಕೆಂದು ಯಾರೂ ಬಯಸುವುದಿಲ್ಲ. ಕುಬಸಕ್ಕೆ, ತೊಟ್ಟಿಲಿಗೆ, ಕಷ್ಟಕ್ಕೆ, ಸಾವಿಗೆ ಮೊದಲು ಬಂದು ನಿಲ್ಲುವವರು ಈಗಲೂ ಸೋದರಮಾವ, ಸೋದರತ್ತೆಯರೇ. ಹುಡುಗಿಗೆ ಒಳ್ಳೆಯ ಮನೆ ಹುಡುಕುವ ಹೊಣೆ, ಹುಡುಗನ ನಡತೆ ವಿಚಾರಿಸುವ ಹೊಣೆ, ಹುಂಡಾ ಕೇಳಿದವರನ್ನು ಹೊಸ್ತಿಲಿನಿಂದಲೇ ತಿರುಗಿ ಕಳಿಸುವ ಹೊಣೆ, ಮದುವೆಯಾದ ಮೇಲೆ ಆಕೆ ಅಳುತ್ತ ಬಂದರೆ ಬಾಗಿಲು ತೆರೆಯುವ ಹೊಣೆ; ಇವೆಲ್ಲ ಅವರದಾಗಿ ಉಳಿದರೆ ಹಳೆಯ ರೂಢಿಯ ಒಳ್ಳೆಯ ಪಾಲು ಉಳಿದಂತೆಯೇ. ಹಕ್ಕು ಬಿಟ್ಟು ಹೊಣೆ ಇಟ್ಟುಕೊಂಡ ಸೋದರಮಾವ ಯಾವ ಮನೆಗೂ ಬೇಕಾದವನು. ಮಗಳನ್ನು ಯಾರಿಗೆ ಕೊಡಬೇಕು ಎಂದು ಕಳ್ಳುಬಳ್ಳಿಯವರೆಲ್ಲ ಕೂತು ಮಾತನಾಡುವ ಮನೆಗಳಲ್ಲಿ, ಮೊದಲು ಆಕೆಯ ಓದು ಮುಗಿಯಲಿ, ಆಮೇಲೆ ಅವಳನ್ನೇ ಒಂದು ಮಾತು ಕೇಳೋಣ ಎಂದು ಹೇಳುವ ಒಬ್ಬ ಹಿರಿಯ ಇದ್ದರೂ ಸಾಕು. ಎಷ್ಟೋ ಮನೆಗಳಲ್ಲಿ ಆ ಮಾತು ಹೇಳಬೇಕಾದವನು ಅವನೇ.